ಹಾಡು ಗುರಿ ತಪ್ಪುವುದು ಹೇಗೆ?

ಅಕ್ಕನ ಮಗನಿಗೆ ಏಳು ವರ್ಷ. ದಸರಾ ರಜೆಗೆ ನಮ್ಮನೆಗೆ ಬಂದವನು ಲಾಫ್ಟಿನಲ್ಲಿದ್ದ ಡಬ್ಬ ಕೆದಕಿ ನನ್ನ ಹಳೆಯ ನಿಂಟೆಂಡೊ ಡಿಎಸ್ ಹೊರಗೆ ತೆಗೆದ. ಅದರ ಚಾರ್ಜರ್ ಹುಡುಕೋಕೆ ಅರ್ಧ ದಿನ ಹೋಯ್ತು. ಒಳಗೆ ಪೋಕೆಮಾನ್ ಹಾರ್ಟ್‌ಗೋಲ್ಡ್ ಕಾರ್ಟ್ರಿಜ್ ಹಾಗೇ ಇತ್ತು. ಎರಡು ದಿನದಲ್ಲಿ ಅವನ ಕೈಗೆ ಒಂದು ಜಿಗ್ಲಿಪಫ್ ಸಿಕ್ಕಿ, ಅವನ ಪಾಲಿಗೆ ಬೇರೆ ಪೋಕೆಮಾನ್‌ಗಳೆಲ್ಲ ಲೆಕ್ಕಕ್ಕಿಲ್ಲದಂತಾದವು. ಕಾರ್ಟೂನ್ ನೋಡಿದ್ದಾನಲ್ಲ. ಈ ಗುಲಾಬಿ ಬಣ್ಣದ ಬಲೂನು ಬಾಯಿ ತೆರೆದು ಹಾಡಿದರೆ ಊರಿಗೂರೇ ನಿದ್ದೆ ಹೋಗುತ್ತೆ, ಯಾರೂ ಪೂರ್ತಿ ಕೇಳಲಿಲ್ಲ ಅಂತ ಅದಕ್ಕೆ ಸಿಟ್ಟು ಬಂದು ಮಲಗಿದವರ ಮುಖದ ಮೇಲೆಲ್ಲ ಮಾರ್ಕರ್‌ನಲ್ಲಿ ಗೀಚುತ್ತೆ ಅನ್ನೋದು ಅವನಿಗೆ ಬಾಯಿಪಾಠ.

ಮೂರನೇ ದಿನ ಒಂದು ಗುಹೆಯೊಳಗೆ ಝೂಬ್ಯಾಟ್ ಎದುರಾಯ್ತು. ಹುಡುಗ ಬಹಳ ಗತ್ತಿನಿಂದ ‘ಸಿಂಗ್’ ಒತ್ತಿದ. ಪರದೆಯ ಮೇಲೆ ಸ್ವರದ ಚಿಹ್ನೆಗಳು ತೇಲಿಕೊಂಡು ಹೋದವು. ಝೂಬ್ಯಾಟ್ ತಪ್ಪಿಸಿಕೊಂಡಿತು. ಮತ್ತೆ ಒತ್ತಿದ. ಮತ್ತೆ ತಪ್ಪಿಸಿಕೊಂಡಿತು.

ಝೂಬ್ಯಾಟ್ ನೋಡದವರಿಗೆ ಹೇಳಿಬಿಡ್ತೀನಿ: ಅದೊಂದು ನೀಲಿ ಬಾವಲಿ. ಅದಕ್ಕೆ ಕಣ್ಣಿಲ್ಲ. ಇರೋದು ಎರಡು ದೊಡ್ಡ ಕಿವಿ, ಒಂದು ಬಾಯಿ. ಕತ್ತಲಲ್ಲಿ ಶಬ್ದದ ಅಲೆ ಬಿಟ್ಟು, ಅದು ವಾಪಸ್ ಬರೋದನ್ನ ಕೇಳಿಸಿಕೊಂಡೇ ದಾರಿ ಹುಡುಕೋ ಜೀವಿ.

“ಚಿಕ್ಕಿ, ಅದಕ್ಕೆ ಕಣ್ಣೇ ಇಲ್ವಲ್ಲಾ. ಬರೀ ಕಿವಿನೇ ಇರೋದು. ಮತ್ತೆ ಹಾಡು ಹೆಂಗೆ ಮಿಸ್ ಆಯ್ತು?”

“ಸಿಂಗ್‌ಗೆ ಆಕ್ಯುರೆಸಿ 55 ಕಣೋ. ನೂರು ಸಲ ಹಾಡಿದ್ರೆ ಐವತ್ತೈದು ಸಲ ತಾಗುತ್ತೆ ಅಷ್ಟೆ.”

ನನ್ನ ಬಾಯಿಂದ ಬಂದ ಉತ್ತರ ಇದು. ಲೆಕ್ಕ ಸರಿಯಾಗೇ ಇತ್ತು. ಹುಡುಗ ನನ್ನನ್ನೊಮ್ಮೆ ನೋಡಿ, ಇವಳಿಗೆ ಪ್ರಶ್ನೆಯೇ ಅರ್ಥ ಆಗಿಲ್ಲ ಅಂತ ಗೊತ್ತಾಗಿ, ಸುಮ್ಮನೆ ಆಟಕ್ಕೆ ವಾಪಸ್ ಹೋದ. ನನಗೆ ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಹದಿನೈದು ವರ್ಷದಿಂದ ಈ ಆಟ ಆಡ್ತಿದ್ದೀನಿ, ಈ ಪ್ರಶ್ನೆ ನನಗ್ಯಾಕೆ ಒಂದು ಸಲವೂ ಹೊಳೆದಿರಲಿಲ್ಲ?

ಕಲ್ಲು ಗುರಿ ತಪ್ಪುತ್ತೆ. ಬಾಣ, ಬೆಂಕಿಯುಂಡೆ, ಒದೆ, ಎಲ್ಲವೂ ತಪ್ಪಬಹುದು. ಹಾಡು ತಪ್ಪೋದಕ್ಕೆ ಅದು ಗುರಿಯಿಟ್ಟು ಹೊರಟಿರಬೇಕಲ್ಲ? ಬಾಯಿಂದ ಹೊರಟ ಶಬ್ದ ಸುತ್ತ ಹರಡುತ್ತೆ, ಗೋಡೆಗೆ ಬಡಿದು ತಿರುಗುತ್ತೆ, ಬಾಗಿಲ ಸಂದಿಯಲ್ಲಿ ತೂರುತ್ತೆ. ಗಣೇಶನ ಹಬ್ಬದ ಹತ್ತು ದಿನ ಪೆಂಡಾಲಿನ ಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದು, ಬೆಳಿಗ್ಗೆ ಏಳಕ್ಕೆ ಅಮೆರಿಕದವರ ಜೊತೆ ಕಾಲ್ ಇಟ್ಟುಕೊಂಡು ನೋಡಿ. ಆ ಸ್ಪೀಕರ್ ಒಂದು ದಿನವಾದರೂ ನಿಮ್ಮ ಕಿವಿಯನ್ನ ‘ಮಿಸ್’ ಮಾಡಿದ್ದುಂಟಾ? ನಿಮಗೆ ಗುರಿಯಿಟ್ಟೂ ಇರಲ್ಲ ಅದು. ಶಬ್ದದ ಬಲವೂ ಅದೇ, ತೊಂದರೆಯೂ ಅದೇ. ಅದು ಯಾರನ್ನೂ ಆರಿಸಿಕೊಳ್ಳೋದಿಲ್ಲ.

ಹಾಡಿಗೆ ಆಕ್ಯುರೆಸಿ ಅನ್ನೋದೇ ತಪ್ಪು ಪ್ರಶ್ನೆ. ಈ ತಪ್ಪು ಪ್ರಶ್ನೆಗೆ ಪೋಕೆಮಾನ್ ಕೊಟ್ಟಿರೋ ಉತ್ತರವಂತೂ ಇನ್ನೂ ಕೆಟ್ಟದ್ದು. ಎದುರಾಳಿಯನ್ನು ನಿದ್ದೆಗೆ ಕೆಡವೋ ದಾಳಿಗಳನ್ನ ಸಾಲಾಗಿ ನಿಲ್ಲಿಸಿ ನೋಡಿ. ಅಣಬೆಯ ಬೀಜಕ, ಅಂದರೆ ‘ಸ್ಪೋರ್’, ನೂರಕ್ಕೆ ನೂರು ಸಲ ತಾಗುತ್ತೆ. ಗಾಳಿಯಲ್ಲಿ ತೂರುವ ನಿದ್ದೆಪುಡಿ 75. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾದ ‘ಹಿಪ್ನಾಸಿಸ್’ 60. ಹಾಡು 55. ಹುಲ್ಲಿನ ಎಸಳಲ್ಲಿ ಊದುವ ‘ಗ್ರಾಸ್‌ವಿಸಲ್’, ಅದೂ 55. ಕಿವಿಯ ದಾರಿ ಹಿಡಿದು ಬರೋ ಎರಡೂ ಪಟ್ಟಿಯ ತಳದಲ್ಲಿ. ಗಾಳಿ ಸ್ವಲ್ಪ ಆಚೀಚೆ ಬೀಸಿದರೆ ದಿಕ್ಕು ತಪ್ಪೋ ಪುಡಿ ಹಾಡಿಗಿಂತ ಚೆನ್ನಾಗಿ ಗುರಿ ಮುಟ್ಟುತ್ತಂತೆ. ನಿದ್ದೆ ಬರಿಸೋ ವಿಷಯದಲ್ಲಿ ಮನುಷ್ಯರು ಎಲ್ಲಕ್ಕಿಂತ ಹೆಚ್ಚು ನಂಬಿಕೊಂಡು ಬಂದಿರೋದು ಹಾಡನ್ನ. ಮಗು ಮಲಗಲಿಲ್ಲ ಅಂತ ಅಣಬೆ ಪುಡಿ ಊದಿದ ಅಜ್ಜಿ ಯಾವ ಊರಲ್ಲಾದರೂ ಇದ್ದಳಾ?

ಇದು ಹೀಗಾಗಿದ್ದಕ್ಕೆ ಕಾರಣ ಇದೆ, ಅದನ್ನ ಹೇಳದೆ ಬೈಯೋದು ನ್ಯಾಯ ಅಲ್ಲ. ಮೊದಲ ಪೋಕೆಮಾನ್ ಆಟಗಳು ಜಪಾನಿನಲ್ಲಿ ಬಂದದ್ದು 1996ರ ಫೆಬ್ರವರಿಯಲ್ಲಿ, ಗೇಮ್ ಬಾಯ್ ಅನ್ನೋ ಪುಟ್ಟ ಯಂತ್ರದ ಮೇಲೆ. ಒಂದೊಂದು ದಾಳಿಗೂ ಅದರಲ್ಲಿ ಸಿಕ್ಕ ಜಾಗ ಆರೇ ಬೈಟ್. ಯಾವ ಅನಿಮೇಷನ್, ಯಾವ ಪರಿಣಾಮ, ಎಷ್ಟು ಬಲ, ಯಾವ ಟೈಪ್, ಎಷ್ಟು ಆಕ್ಯುರೆಸಿ, ಎಷ್ಟು ಸಲ ಬಳಸಬಹುದು. ಮುಗೀತು. ಒದೆ, ಮಿಂಚು, ಮುತ್ತು, ಹಾಡು, ಎಲ್ಲವೂ ಇದೇ ಆರು ಖಾನೆಯ ಅರ್ಜಿ ತುಂಬಿ ಒಳಗೆ ಬರಬೇಕು. 151 ಜೀವಿಗಳಿಗೆ 151 ಕೂಗು ಇಡೋಕೂ ಜಾಗ ಇಲ್ಲದೆ, 38 ಮೂಲ ಕೂಗುಗಳನ್ನೇ ಏರಿಸಿ, ಇಳಿಸಿ, ಎಳೆದು, ಕತ್ತರಿಸಿ ಎಲ್ಲರಿಗೂ ಹಂಚಿದರು. ಅಷ್ಟು ಬಡತನದಲ್ಲಿ ಅಷ್ಟು ಚೆಂದ ಸಂಸಾರ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಅದರ ಸಂಗೀತ ಮಾಡಿದ ಜುನಿಚಿ ಮಸುದಾ ಪ್ರೋಗ್ರಾಮಿಂಗ್ ಕೂಡ ಬಲ್ಲವರು. ಆ ಮನೆಯೊಳಗೆ ಒಬ್ಬ ಸಂಗೀತಗಾರ ಕೂತಿದ್ದರೂ ಹಾಡಿಗೆ ಸಿಕ್ಕಿದ್ದು ಆರು ಬೈಟ್ ಅಂದರೆ ಅವತ್ತು ಸಾಧ್ಯವಾದದ್ದು ಅಷ್ಟೇ ಅಂತ ಒಪ್ಪಿಕೊಳ್ಳೋಣ.

ಆದರೆ ಆಮೇಲೆ? ಯಂತ್ರ ಸಾವಿರ ಪಟ್ಟು ದೊಡ್ಡದಾಯ್ತು. ಸಿಂಗ್‌ನ 55 ಮಾತ್ರ ಅಲ್ಲಾಡಲಿಲ್ಲ.

‘ಶಬ್ದ’ ಅನ್ನೋದೊಂದು ಬೇರೆ ಜಾತಿಯ ದಾಳಿ ಅಂತ ಆಟದ ಲೆಕ್ಕಕ್ಕೆ ಬಂದದ್ದು 2002ರಲ್ಲಿ, ಮೂರನೇ ತಲೆಮಾರಿನ ರೂಬಿ ಮತ್ತು ಸಫೈರ್ ಆಟಗಳಲ್ಲಿ. ಬಂದ ರೀತಿ ಗಮನಿಸಿ. ಹಾಡೋ ಶಕ್ತಿಯ ಜೊತೆ ಬರಲಿಲ್ಲ, ಕೇಳಿಸದೇ ಇರೋ ಶಕ್ತಿಯ ಜೊತೆ ಬಂತು. ‘ಸೌಂಡ್‌ಪ್ರೂಫ್’ ಅನ್ನೋ ಗುಣ ಇರುವವರಿಗೆ ಈ ಈ ದಾಳಿಗಳು ತಾಗಲ್ಲ ಅಂತ ಒಂದು ಪಟ್ಟಿ. ಶಬ್ದ ಅಂದರೇನು ಅನ್ನೋದಕ್ಕೆ ಆಟ ಕೊಟ್ಟ ಮೊದಲ ವ್ಯಾಖ್ಯೆ, ಕಿವಿ ಮುಚ್ಚಿಕೊಂಡವನಿಗೆ ಏನು ಕೇಳಿಸಲ್ವೋ ಅದು! ಆ ಪಟ್ಟಿಯಲ್ಲಿ ಹಾಡಿದೆ, ಗುರುಗುಟ್ಟೋದಿದೆ, ಕಿರುಚಾಟ ಇದೆ, ಲೋಹ ಗೀರೋ ಸದ್ದಿದೆ, ಗೊರಕೆಯೂ ಇದೆ. ಹೌದು, ‘ಸ್ನೋರ್’ ಒಂದು ದಾಳಿ, ನಿದ್ದೆಯಲ್ಲಿದ್ದಾಗ ಮಾತ್ರ ಬಳಸಬಹುದು. ಪ್ರಿಮರೀನಾ ಅನ್ನೋ ಕಡಲ ಗಾಯಕಿಯ ಆಲಾಪವೂ ಸ್ನೋರ್ಲಾಕ್ಸ್‌ನ ಗೊರಕೆಯೂ ಈ ಲೋಕದ ಕಾನೂನಿನಲ್ಲಿ ಒಂದೇ ವರ್ಗ. ಸಂಗೀತ ಕಛೇರಿಯಲ್ಲಿ ನನ್ನ ಚಿಕ್ಕಪ್ಪ ಎರಡನ್ನೂ ಒಟ್ಟಿಗೆ ನಡೆಸಿದ್ದನ್ನ ನೋಡಿದ್ದೀನಿ, ಆದರೂ ಎರಡೂ ಒಂದೇ ಅಂತ ಯಾರೂ ಹೇಳಲಿಲ್ಲ.

ಕುಣಿತಕ್ಕೆ ಹೀಗಾಗಲಿಲ್ಲ ನೋಡಿ. 2016ರಲ್ಲಿ ಬಂದ ಏಳನೇ ತಲೆಮಾರಿನಲ್ಲಿ ಒರಿಕೋರಿಯೊ ಅನ್ನೋ ಹಕ್ಕಿಗೆ ‘ಡಾನ್ಸರ್’ ಅನ್ನೋ ಗುಣ ಕೊಟ್ಟರು. ಕಣದಲ್ಲಿ ಯಾರೇ ಕುಣಿದರೂ, ಎದುರಾಳಿಯೇ ಕುಣಿದರೂ, ಇದೂ ಹಿಂದೆಯೇ ಅದೇ ಕುಣಿತ ಕುಣಿಯುತ್ತೆ. ನೋಡಿದವರ ಕಾಲಿಗೆ ಕುಣಿತ ಅಂಟುತ್ತೆ ಅನ್ನೋ ಸತ್ಯವನ್ನ ಒಂದೇ ನಿಯಮದಲ್ಲಿ ಹಿಡಿದುಬಿಟ್ಟರು. ಇದನ್ನ ಮಾಡಬಲ್ಲವರಿಗೆ ಹಾಡಿನ ವಿಷಯದಲ್ಲಿ ಯಾಕೆ ಕೈ ಬರಲಿಲ್ಲ?

ಈ ಮಾತೆತ್ತಿದರೆ ನಮ್ಮ ಆಫೀಸಿನ ಆಟಗಾರ ಬಳಗ ಒಂದೇ ಮಂತ್ರ ಹೇಳುತ್ತೆ: ಬ್ಯಾಲೆನ್ಸ್.

“ಗುರು, ಸಿಂಗ್ ಯಾವತ್ತೂ ಮಿಸ್ ಆಗಲ್ಲ ಅಂತ ಮಾಡಿದ್ರೆ ಗೇಮ್ ಮುರಿದು ಹೋಗುತ್ತೆ. ಎಲ್ಲರೂ ಅದನ್ನೇ ಹಾಕ್ಕೊಂಡು ಬರ್ತಾರೆ.”

“ಸ್ಪೋರ್ ನೂರಕ್ಕೆ ನೂರು ಇದ್ಯಲ್ಲ, ಮುರಿದು ಹೋಗಿದ್ಯಾ?”

“ಅದು ಕೆಲವ್ರಿಗೆ ಮಾತ್ರ ಸಿಗೋದು. ಹುಲ್ಲಿನ ಟೈಪ್‌ಗೆ ತಾಗಲ್ಲ. ನೀನು ಸುಮ್ನೆ ಸೆಂಟಿಮೆಂಟ್ ಮಾತಾಡ್ತಿದ್ದೀಯ. ಇದೆಲ್ಲ ಬರೀ ನಂಬರ್.”

ಬರೀ ನಂಬರ್ ಅನ್ನೋದು ದೊಡ್ಡ ಸುಳ್ಳು. ಅವನು ಹೇಳಿದ್ದನ್ನೇ ನೋಡಿ. ಹುಲ್ಲಿನ ಜೀವಿಗಳಿಗೆ ಬೀಜಕ, ಪರಾಗ ತಾಗಲ್ಲ ಅನ್ನೋದು ನಂಬರ್ ಅಲ್ಲ, ಅದು ಲೋಕದ ಬಗ್ಗೆ ಒಂದು ಯೋಚನೆ. ಪುಡಿ ಅಂದರೆ ಏನು, ಗಿಡಕ್ಕೆ ಅದು ಏನು ಮಾಡಬಲ್ಲದು ಅಂತ ಯಾರೋ ಕೂತು ಚಿಂತಿಸಿದ್ದಾರೆ. ಪುಡಿ ತಡೆಯೋಕೆ ಕನ್ನಡಕವೂ ಇದೆ, ‘ಸೇಫ್ಟಿ ಗಾಗಲ್ಸ್’ ಅಂತ. ಕಿವಿಗೆ ಹತ್ತಿ ಮಾತ್ರ ಅಂಗಡಿಯಲ್ಲಿ ಸಿಗಲ್ಲ. ಗ್ರೀಕರ ಒಡಿಸ್ಯೂಸ್ ಹಾಡುವ ಸೈರನ್‌ಗಳ ಕಡಲು ದಾಟುವಾಗ ಹುಟ್ಟು ಹಾಕುವವರ ಕಿವಿಗೆ ಮೇಣ ತುಂಬಿ, ತನ್ನನ್ನ ಕೂವೆಮರಕ್ಕೆ ಕಟ್ಟಿಸಿಕೊಂಡ. ಹಾಡು ತಾನಾಗಿ ಗುರಿ ತಪ್ಪೀತು ಅಂತ ಅವನು ಕಾದು ಕೂರಲಿಲ್ಲ. ಹಾಡನ್ನ ತಡೆಯೋದು ಹೇಗೆ ಅನ್ನೋದು ಎರಡೂವರೆ ಸಾವಿರ ವರ್ಷಕ್ಕಿಂತ ಹಿಂದೆಯೇ ಬಗೆಹರಿದ ಡಿಸೈನ್ ಸಮಸ್ಯೆ.

ಸರಿ, ಬ್ಯಾಲೆನ್ಸ್ ಬೇಕು. ಮಲಗಿಸೋ ಹಾಡು ಸರಿಯಾಗಿ ಕೆಲಸ ಮಾಡಿದರೆ ಹೇಗಿರಬೇಕು ಅನ್ನೋದಕ್ಕೆ ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ. ಉತ್ತರ ಆಟದಲ್ಲೇ ಇದೆ, ಬೇರೆ ಹೆಸರಲ್ಲಿ. ‘ಯಾನ್’ ಅನ್ನೋ ದಾಳಿ, ಅಂದರೆ ಆಕಳಿಕೆ. ಆಕಳಿಕೆಗೆ ಆಕ್ಯುರೆಸಿಯ ಲೆಕ್ಕವೇ ಇಲ್ಲ, ಅದು ತಪ್ಪೋದಿಲ್ಲ. ಆದರೆ ಎದುರಾಳಿ ದೊಪ್ಪಂತ ಬೀಳೋದೂ ಇಲ್ಲ. ಮೊದಲು ತೂಕಡಿಕೆ, ಮುಂದಿನ ಟರ್ನ್ ಮುಗಿಯೋ ಹೊತ್ತಿಗೆ ನಿದ್ದೆ. ಆ ಮಧ್ಯೆ ಅವನಿಗೆ ಒಂದು ಟರ್ನ್ ಸಿಗುತ್ತೆ. ಹೊಡೆಯಬಹುದು, ಕಣದಿಂದ ಎದ್ದು ಹೋಗಿ ಇನ್ನೊಬ್ಬನನ್ನ ಕಳಿಸಬಹುದು. ಎದ್ದು ಹೋದರೆ ತೂಕಡಿಕೆ ಹೋಯ್ತು. ಯಾರೂ ಇದನ್ನ ಅನ್ಯಾಯ ಅನ್ನಲ್ಲ, ಯಾಕಂದರೆ ತಪ್ಪಿಸಿಕೊಳ್ಳೋ ದಾರಿ ಪಗಡೆಯ ಕೈಲಿಲ್ಲ, ಆಟಗಾರನ ಕೈಲಿದೆ. ಇಷ್ಟು ಒಳ್ಳೆಯ ನಿಯಮ ಯೋಚಿಸಿದವರು ಅದನ್ನ ಆಕಳಿಕೆಗೆ ಕೊಟ್ಟು, ಹಾಡಿಗೆ ನಾಣ್ಯ ಚಿಮ್ಮೋ ಕೆಲಸ ಕೊಟ್ಟರು.

ಜೋಗುಳ ಹಾಡಿದವರಿಗೆ ಇದು ಗೊತ್ತು. ನಾನು ಹಾಡಿದ್ದೀನಿ, ಇದೇ ಹುಡುಗನಿಗೆ, ಅವನು ಎಂಟು ತಿಂಗಳಿದ್ದಾಗ. ಒಂದು ಚರಣಕ್ಕೆ ಯಾವ ಮಗುವೂ ಮಲಗಲ್ಲ. ಮೊದಲ ಚರಣಕ್ಕೆ ಅಳು ಸಣ್ಣದಾಗುತ್ತೆ, ಆಮೇಲೆ ಕಣ್ಣು ನಿಮ್ಮ ಬಾಯಿಯ ಮೇಲೆ ನಿಲ್ಲುತ್ತೆ, ಆಮೇಲೆ ರೆಪ್ಪೆ ಭಾರ. ನಡುವೆ ಪಕ್ಕದ ಮನೆಯವರು ಕುಕ್ಕರ್ ಕೂಗಿಸಿದರೆ ಮತ್ತೆ ಶುರುವಿಂದ. ಇನ್ನೊಂದು ಗುಟ್ಟು ಅಂದರೆ ಬಹಳ ಸಲ ಮೊದಲು ನಿದ್ದೆ ಹೋಗೋದು ಹಾಡ್ತಾ ಇರೋರು. ತೊಟ್ಟಿಲ ಹಗ್ಗ ಹಿಡಿದುಕೊಂಡೇ ಅಕ್ಕ ಗೋಡೆಗೊರಗಿ ಮಲಗಿದ್ದು, ಮಗು ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡ್ತಿದ್ದದ್ದು, ನನ್ನ ಫೋನಲ್ಲಿ ಇನ್ನೂ ಇದೆ. ಹಾಡಿದವನೂ ಕೇಳುಗನೇ. ಹಾಡನ್ನ ಆಯುಧ ಮಾಡಬೇಕು ಅಂತ ಹೊರಟವರು ಮೊದಲು ನೆನಪಿಟ್ಟುಕೊಳ್ಳಬೇಕಾದ್ದು ಇದನ್ನ.

ಒಂದೇ ಒಂದು ಸಲ ಅವರು ನೆನಪಿಟ್ಟುಕೊಂಡರು, 1999ರಲ್ಲಿ, ಎರಡನೇ ತಲೆಮಾರಿನ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ. ದಾಳಿಯ ಹೆಸರು ‘ಪೆರಿಶ್ ಸಾಂಗ್’. ಅದು ಒಬ್ಬನಿಗೆ ಗುರಿಯಿಡಲ್ಲ. ಕಣದಲ್ಲಿ ಯಾರ್ಯಾರಿಗೆ ಕೇಳಿಸಿತೋ ಅವರೆಲ್ಲರ ತಲೆಯ ಮೇಲೂ ಎಣಿಕೆ ಶುರುವಾಗುತ್ತೆ. ಮೂರು ಟರ್ನ್ ಕಳೆದರೆ ಎಲ್ಲರೂ ಮೂರ್ಛೆ. ಎಲ್ಲರೂ ಅಂದರೆ ಹಾಡಿದವನೂ ಸೇರಿ. ತಪ್ಪೋ ಪ್ರಶ್ನೆ ಇಲ್ಲ. ಎಷ್ಟೇ ಜೀವ ಇರಲಿ, ಎಂಥಾ ಚಿಪ್ಪಿರಲಿ, ಲೆಕ್ಕಕ್ಕೆ ಬರಲ್ಲ. ಉಳಿಯೋ ದಾರಿ ಒಂದೇ, ಎಣಿಕೆ ಮುಗಿಯೋ ಮೊದಲು ಕಣ ಬಿಟ್ಟು ಹೋಗೋದು, ಕೇಳಿದ್ದನ್ನ ಅಲ್ಲೇ ಬಿಟ್ಟು. ಕಿವಿ ಮುಚ್ಚಿದವರಿಗೆ, ಅಂದರೆ ಸೌಂಡ್‌ಪ್ರೂಫ್ ಇದ್ದವರಿಗೆ, ಏನೂ ಆಗಲ್ಲ.

ಇದರ ಮೂರು ಟರ್ನ್ ಹೇಗಿರುತ್ತೆ ಅಂತ ಎದುರು ಕೂತು ಆಡಿದವರಿಗೇ ಗೊತ್ತು. ಯಾರೂ ಯಾರನ್ನೂ ಹೊಡೆದಿಲ್ಲ, ಆದರೂ ಆಟದ ಬಣ್ಣ ಬದಲಾಗಿದೆ. ಇಬ್ಬರೂ ಎಣಿಸ್ತಾ ಇರ್ತಾರೆ. ಯಾರು ಮೊದಲು ಏಳಬೇಕು? ಎದ್ದರೆ ಬದಲಿಗೆ ಯಾರನ್ನ ಕಳಿಸಬೇಕು? ಅವನು ಏಳ್ತಾನೆ ಅಂತ ನನಗೆ ಗೊತ್ತು, ನನಗೆ ಗೊತ್ತು ಅಂತ ಅವನಿಗೂ ಗೊತ್ತು. ಮೇಲಾಗಿ ಎದುರಾಳಿ ಏಳದ ಹಾಗೆ ಕಟ್ಟಿಹಾಕೋ ಚತುರರೂ ಇದ್ದಾರೆ. ‘ಶ್ಯಾಡೋ ಟ್ಯಾಗ್’ ಅನ್ನೋ ಗುಣದವರನ್ನ ಎದುರು ನಿಲ್ಲಿಸಿದರೆ ಅವನು ಕಣ ಬಿಡೋ ಹಾಗಿಲ್ಲ. ಎಣಿಕೆ ಒಂದಕ್ಕೆ ಬಂದಾಗ ನೀವು ಮಾತ್ರ ಮೆಲ್ಲಗೆ ಜಾಗ ಖಾಲಿ ಮಾಡೋದು. ಇದಕ್ಕೆ ‘ಪೆರಿಶ್ ಟ್ರ್ಯಾಪ್’ ಅಂತಲೇ ಹೆಸರಿದೆ. ದೊಡ್ಡ ದೊಡ್ಡ ಟೂರ್ನಮೆಂಟ್‌ಗಳಲ್ಲಿ ಇದರಿಂದ ಸೋತವರು ಇದನ್ನ ಕಳ್ಳಾಟ, ಚೀಪ್ ಅಂತೆಲ್ಲ ಬೈದಿದ್ದಾರೆ. ನನ್ನ ಪ್ರಕಾರ ಇಡೀ ಆಟದಲ್ಲಿ ಹಾಡು ಹಾಡಿನಂತೆ ನಡೆದುಕೊಳ್ಳೋ ಜಾಗ ಇದು. ಎಲ್ಲರಿಗೂ ಕೇಳುತ್ತೆ, ಹೊತ್ತು ತಗೊಳ್ಳುತ್ತೆ, ಹಾಡಿದವನನ್ನೂ ಬಿಡಲ್ಲ, ಎದ್ದು ಹೋದವನನ್ನ ಹಿಂಬಾಲಿಸಲ್ಲ. ಬೈಯೋರು ಬೈತಿರೋದು ಹಾಡನ್ನೇ.

ಇನ್ನೂ ಎರಡು ಸಲ ಅವರು ಹತ್ತಿರ ಬಂದರು, ಎರಡೂ ಐದನೇ ತಲೆಮಾರಿನಲ್ಲಿ. ‘ರೌಂಡ್’ ಅನ್ನೋದು ಒಬ್ಬ ಹಾಡಿದರೆ ಸಾಧಾರಣ, ಬಲ 60. ಅದೇ ಟರ್ನಿನಲ್ಲಿ ಜೊತೆಗಾರನೂ ಹಾಡಿದರೆ ಅವನು ಎಷ್ಟೇ ನಿಧಾನದವನಾಗಿರಲಿ, ಸರದಿ ಮುರಿದು ತಕ್ಷಣ ದನಿಗೂಡಿಸ್ತಾನೆ, ಬಲ ಎರಡು ಪಟ್ಟು. ಭಜನೆ ಮನೆಯಲ್ಲಿ ಹಿಂದಿನ ಸಾಲಿನ ಅಜ್ಜನಿಗೆ ಮುಂದಿನವರ ದನಿ ಕೇಳಿ ಹುರುಪು ಬರೋದು ಹೀಗೇ. ‘ಎಕೋಡ್ ವಾಯ್ಸ್’ 40ರಿಂದ ಶುರುವಾಗಿ, ಟರ್ನ್ ತಪ್ಪದೆ ಮುಂದುವರಿಸಿದರೆ ನಲವತ್ತು ನಲವತ್ತರಂತೆ ಏರಿ 200ಕ್ಕೆ ಮುಟ್ಟುತ್ತೆ. ನಡುವೆ ಒಂದು ಟರ್ನ್ ಮೌನ ಆದರೆ ಮತ್ತೆ 40. ಪಲ್ಲವಿಗೆ ತಿರುಗಿ ತಿರುಗಿ ಬಂದಾಗಲೇ ಅದರ ತೂಕ ಹೆಚ್ಚೋದು ಅಂತ ಯಾರಿಗೋ ಗೊತ್ತಿತ್ತು. ಇಷ್ಟು ಚೆಂದದ ಎರಡು ನಿಯಮ ಬರೆದು ಅದನ್ನ ಮೂಲೆಗೆ ಹಾಕಿದ್ದಾರೆ. ಆಡೋರು ‘ಹೈಪರ್ ವಾಯ್ಸ್’ ಎತ್ತಿಕೊಳ್ತಾರೆ, ಬಲ 90, ಒಂದೇ ಏಟು. ಕೂಗಾಡಿದರೆ ಸಾಕು, ಹಾಡೋ ಕಷ್ಟ ಯಾಕೆ? (ಈ ಕೂಗಾಟ ನಾರ್ಮಲ್ ಟೈಪ್ ಆದ್ದರಿಂದ ದೆವ್ವಗಳಿಗೆ ತಾಗೋದೇ ಇಲ್ಲ. ಆದರೆ ಅದೇ ನಾರ್ಮಲ್ ಟೈಪಿನ ಸಿಂಗ್ ದೆವ್ವವನ್ನೂ ಮಲಗಿಸಬಲ್ಲದು. ಬೈದರೆ ಅಂಜದ ದೆವ್ವ ಜೋಗುಳಕ್ಕೆ ಮಲಗುತ್ತೆ. ಇದು ಬೇಕಂತ ಮಾಡಿದ್ದಲ್ಲ, ನಿಯಮಗಳ ಸಂದಿಯಲ್ಲಿ ತಾನಾಗಿ ಹುಟ್ಟಿದ್ದು. ನನಗಂತೂ ಬಹಳ ಇಷ್ಟ.)

ಇತ್ತೀಚಿನದು ನೋಡಿದರೆ ಮಾತ್ರ ಹೊಟ್ಟೆ ಉರಿಯುತ್ತೆ. ಒಂಬತ್ತನೇ ತಲೆಮಾರಿನಲ್ಲಿ ಸ್ಕೆಲಿಡರ್ಜ್ ಅನ್ನೋ ಬೆಂಕಿ ಮೊಸಳೆ ಇದೆ. ಅದರ ‘ಟಾರ್ಚ್ ಸಾಂಗ್’ ಬೆಂಕಿಯ ಹಾಡು, ಬಲ 80. ಹಾಡಿದಾಗಲೆಲ್ಲ ಹಾಡಿದವನ ಶಕ್ತಿ ಒಂದು ಮೆಟ್ಟಿಲು ಏರುತ್ತೆ. ಹಾಡಿಗೂ ಬೆಂಕಿಗೂ ಗಂಟು ಹಾಕಿದ ಕಥೆ ನಮ್ಮ ಕಡೆ ಹಳೆಯದು. ತಾನ್‌ಸೇನ್ ದೀಪಕ್ ರಾಗ ಹಾಡಿದಾಗ ದೀಪಗಳು ತಾವಾಗಿ ಹತ್ತಿಕೊಂಡವು ಅನ್ನೋ ಐತಿಹ್ಯ ಕೇಳದವರು ಕಡಿಮೆ. ಆದರೆ ಕಥೆ ಅಲ್ಲಿಗೆ ನಿಲ್ಲಲ್ಲ. ಹಾಡಿದ ತಾನ್‌ಸೇನನ ಮೈಯೂ ಉರಿಯೋಕೆ ಶುರುವಾಯ್ತು, ಇನ್ಯಾರೋ ಮಲ್ಹಾರ್ ಹಾಡಿ ಮಳೆ ತರಿಸೋವರೆಗೆ ಆ ಉರಿ ಆರಲಿಲ್ಲ. ಕಥೆ ಕಟ್ಟಿದವರಿಗೆ ಹಾಡಿದವನ ಕಿವಿ ನೆನಪಿತ್ತು. ಮೊಸಳೆಗೆ ಮಾತ್ರ ಖರ್ಚೇ ಇಲ್ಲ, ಬರೀ ಲಾಭ. ಅಪ್ರೈಸಲ್ ಸೀಸನ್ನಿನ ಹಾಡು ಅದು.

ನನ್ನ ಬೇಡಿಕೆ ಇಷ್ಟೇ. ಹಾಡಿಗೆ ಆಕ್ಯುರೆಸಿ ತೆಗೀರಿ. ಬದಲಿಗೆ ಉಸಿರು ಕೊಡಿ. ಹಾಡು ಎರಡು ಮೂರು ಟರ್ನ್ ಹಿಡಿಯಲಿ, ಕಣದಲ್ಲಿರೋ ಎಲ್ಲರಿಗೂ ಕೇಳಲಿ, ನಮ್ಮವರಿಗೂ ಕೂಡ. ‘ಬೂಮ್‌ಬರ್ಸ್ಟ್’ ಅನ್ನೋ ಸ್ಫೋಟದ ಸದ್ದು ಪಕ್ಕದಲ್ಲಿರೋ ಜೊತೆಗಾರನನ್ನೂ ಬಿಡಲ್ಲ, ಹಾಗಿರುವಾಗ ಸಿಂಗ್‌ಗೆ ಮಾತ್ರ ಯಾಕೆ ಈ ಸಭ್ಯತೆ? ಹಾಡ್ತಿರುವಾಗ ಪೆಟ್ಟು ಬಿದ್ದರೆ ಹಾಡು ನಿಲ್ಲಲಿ. ಇದಕ್ಕೂ ನಿಯಮ ಇದೆ: ‘ಫೋಕಸ್ ಪಂಚ್’ ಕೊಡೋಕೆ ಕೈ ಎತ್ತಿದವನು ಅದಕ್ಕೂ ಮೊದಲೇ ಏಟು ತಿಂದರೆ ಗಮನ ಕದಡಿ ಆ ಟರ್ನ್ ಕಳ್ಕೋತಾನೆ. ಗಮನ ಗುದ್ದಿಗೆ ಬೇಕು, ಗಾಯನಕ್ಕೆ ಬೇಡವಾ? ಗಂಟಲಿಗೇ ಹೊಡೆದು ಎರಡು ಟರ್ನ್ ದನಿ ಕಟ್ಟಿಸೋ ‘ಥ್ರೋಟ್ ಚಾಪ್’ ಇದೆ, ಗಂಟಲಿಗೆ ಬಲ ಕೊಡೋ ‘ಥ್ರೋಟ್ ಸ್ಪ್ರೇ’ ಕೂಡ ಇದೆ. ಗದ್ದಲ ಎಬ್ಬಿಸಿ ಯಾರೂ ಮಲಗದ ಹಾಗೆ ಮಾಡೋ ‘ಅಪ್‌ರೋರ್’ ಇದೆ. ಸಾಮಾನೆಲ್ಲ ಮನೆಯಲ್ಲೇ ಇದೆ, ಅಡುಗೆ ಮಾಡಿಲ್ಲ ಅಷ್ಟೆ. 2013ರವರೆಗೆ ಎದುರಿಗೊಂದು ‘ಸಬ್‌ಸ್ಟಿಟ್ಯೂಟ್’ ಗೊಂಬೆ ನಿಲ್ಲಿಸಿಕೊಂಡರೆ ಸಿಂಗ್ ಅದಕ್ಕೆ ಬಡಿದು ನಿಂತುಬಿಡ್ತಿತ್ತು. ಆರನೇ ತಲೆಮಾರಿನಲ್ಲಿ ಯಾರಿಗೋ ಬುದ್ಧಿ ಬಂತು, ಶಬ್ದ ಗೊಂಬೆಯನ್ನ ದಾಟಿ ಹೋಗೋ ಹಾಗೆ ತಿದ್ದಿದರು. ಆಟ ಮುರೀಲಿಲ್ಲ. ಹದಿನೇಳು ವರ್ಷ ತಡ ಆಯ್ತು, ಆದರೂ ತಿದ್ದಬಹುದು ಅಂತ ಗೊತ್ತಾಯ್ತಲ್ಲ.

“ಇಷ್ಟಕ್ಕೆಲ್ಲ ಯಾಕಷ್ಟು ಬಿಸಿ ಆಗ್ತೀಯ, ಮಕ್ಕಳ ಆಟ” ಅಂದ ಅದೇ ಸಹೋದ್ಯೋಗಿ. ಮಕ್ಕಳ ಆಟ ಅಂತಲೇ ಬಿಸಿ ಆಗೋದು. ಹುಡುಗ ಗುಹೆಯಲ್ಲಿ ಕೇಳಿದ ಪ್ರಶ್ನೆ ಶಬ್ದ ಅಂದರೇನು ಅನ್ನೋದರ ಬಗ್ಗೆ. ಅವನು ಬಾವಲಿಯ ಕಿವಿ ನೋಡಿದ್ದ, ಯೋಚನೆ ಮಾಡಿದ್ದ. ನಾನು ಅವನಿಗೆ ಒಂದು ನಂಬರ್ ಕೊಟ್ಟು ಬಾಯಿ ಮುಚ್ಚಿಸಿದೆ. ಇನ್ನೂ ನಾಲ್ಕು ವರ್ಷ ಆಡಿದರೆ ಅವನೂ ನಮ್ಮ ಹಾಗೇ ಆಗ್ತಾನೆ, ಹಾಡನ್ನ ನೋಡಿದ ತಕ್ಷಣ “55 ಅಷ್ಟೇನಾ, ವೇಸ್ಟ್” ಅಂತಾನೆ. ಕೇಳಿಸಿಕೊಳ್ಳೋದು ಅನ್ನೋದೊಂದು ಇದೆ, ಅದರಲ್ಲಿ ಕೇಳುವವನದ್ದೂ ಪಾಲಿದೆ, ಹೊತ್ತು ಹಿಡಿಯುತ್ತೆ ಅನ್ನೋದನ್ನ ಒಂದು ಆಟದ ನಿಯಮ ಕಲಿಸಬಹುದಿತ್ತು. ಪೆರಿಶ್ ಸಾಂಗ್ ಕಲಿಸುತ್ತೆ ಕೂಡ. ನಮ್ಮ ಕಾರ್ಟೂನ್ ಜಿಗ್ಲಿಪಫ್‌ನ ಗೋಳೇ ಅದಲ್ಲವಾ, ಅದು ಯಾರನ್ನೂ ಸೋಲಿಸೋಕೆ ಹಾಡ್ತಿರಲಿಲ್ಲ, ಯಾರಾದರೂ ಒಬ್ಬರು ಕೊನೆವರೆಗೆ ಕೇಳಲಿ ಅಂತ ಹಾಡ್ತಿತ್ತು. ಆಟದೊಳಗೆ ಬಂದಾಗ ಆ ಆಸೆಯನ್ನ ಗೇಟಿನಲ್ಲೇ ತಡೆದು, ಕೈಗೆ ಒಂದು ಹರಕು ತುಪಾಕಿ ಕೊಟ್ಟು ಒಳಗೆ ಬಿಟ್ಟರು.

ಹುಡುಗನಿಗೆ ಕೊಟ್ಟ ಕೆಟ್ಟ ಉತ್ತರಕ್ಕೆ ಪ್ರಾಯಶ್ಚಿತ್ತ ಅಂತ ಅವನು ಮಲಗಿದ ಮೇಲೆ ನಾಲ್ಕು ರಾತ್ರಿ ಡಿಎಸ್ ಹಿಡಿದು ಕೂತೆ. ಯೂನಿಯನ್ ಕೇವ್‌ನ ತಳದ ಕೊಳದಲ್ಲಿ ಶುಕ್ರವಾರ ಮಾತ್ರ ಲಾಪ್ರಾಸ್ ಕಾಣಿಸಿಕೊಳ್ಳುತ್ತೆ. ಅದರಲ್ಲಿ ಗಂಡೇ ಬೇಕು, ಯಾಕಂದರೆ ಆ ಕಾಲದ ಆಟಗಳಲ್ಲಿ ಇಂಥ ವಿದ್ಯೆ ಅಪ್ಪನಿಂದ ಮರಿಗೆ ಮಾತ್ರ ಬರೋದು. ಲಾಪ್ರಾಸ್‌ಗೆ ಪೆರಿಶ್ ಸಾಂಗ್ ಬರೋವರೆಗೆ ಬೆಳೆಸಿ, ಹೆಣ್ಣು ಮ್ಯಾರಿಲ್ ಜೊತೆ ಡೇ ಕೇರ್‌ನಲ್ಲಿ ಬಿಟ್ಟೆ. ಹುಟ್ಟಿದ ಗಂಡು ಮ್ಯಾರಿಲ್ ಆ ಹಾಡನ್ನ ಹೊತ್ತುಕೊಂಡೇ ಬಂತು. ಅದನ್ನ ಹುಡುಗನ ಜಿಗ್ಲಿಪಫ್ ಜೊತೆ ಬಿಟ್ಟೆ. ಸಿಂಗ್ ಹುಟ್ಟಿದವರಿಗೆಲ್ಲ ಬರುತ್ತೆ, ಪೆರಿಶ್ ಸಾಂಗ್ ಘರಾಣೆಯಲ್ಲಿ ಬರುತ್ತೆ. ಮೊಟ್ಟೆಯೊಡೆದ ಮರಿಯನ್ನ ಜಿಗ್ಲಿಪಫ್ ಆಗೋವರೆಗೆ ಬೆಳೆಸಿ, ಬೆಳಿಗ್ಗೆ ದೋಸೆ ತಿನ್ನುವಾಗ ಅವನ ಕೈಗೆ ಕೊಟ್ಟೆ. ಏನೂ ಹೇಳಲಿಲ್ಲ.

ಅದೇ ಗುಹೆ. ಬೇರೆ ಝೂಬ್ಯಾಟ್. ಹೊಸ ಹೆಸರು ನೋಡಿ ಒತ್ತಿದ. ಕೇಳಿದವರೆಲ್ಲ ಮೂರು ಟರ್ನಿನಲ್ಲಿ ಮೂರ್ಛೆ ಹೋಗ್ತಾರೆ ಅಂತ ಪರದೆ ಹೇಳಿತು. ಅವನು ಝೂಬ್ಯಾಟ್ ನೋಡಿದ, ತನ್ನ ಜಿಗ್ಲಿಪಫ್ ನೋಡಿದ. ಚಟ್ನಿ ಕೈಯಲ್ಲೇ ಡಿಎಸ್ ಎತ್ತಿಕೊಂಡು ಅಡುಗೆಮನೆಗೆ ಓಡಿ ಬಂದ.

“ಚಿಕ್ಕಿ! ನಮ್ದೂ ಕೇಳಿಸ್ಕೊಂಡುಬಿಡ್ತು! ಈಗೇನ್ ಮಾಡ್ಲಿ?”